ಸ್ಕ್ಯಾನಿಯಾ: ಒಂದು ಲಾರಿ ಕಂಪನಿಯ ಒಡೆತನದ ಚರಿತ್ರೆ

ಸ್ಕ್ಯಾನಿಯಾ ಭಾರಿ ಲಾರಿ, ಬಸ್ಸು ಮತ್ತು ಕೈಗಾರಿಕಾ ಎಂಜಿನುಗಳನ್ನು ತಯಾರಿಸುವ ಸ್ವೀಡನ್ನಿನ ಕಂಪನಿ. ಅದರ ಕೇಂದ್ರ ಕಚೇರಿ ಸ್ಟಾಕ್‌ಹೋಮಿಗೆ ನೈಋತ್ಯದಲ್ಲಿರುವ ಸೋಡರ್‌ಟೇಲ್ಯ ಪಟ್ಟಣದಲ್ಲಿದೆ. ಸದ್ಯ ಕಂಪನಿಯ ಒಡೆತನ ಪೂರ್ತಿಯಾಗಿ ಜರ್ಮನಿಯ ಟ್ರಾಟನ್ ಸಮೂಹದ್ದು. ಟ್ರಾಟನ್‌ನ ಷೇರುಗಳಲ್ಲಿ ಬಹುಪಾಲು ಫೋಕ್ಸ್‌ವ್ಯಾಗನ್ನಿನ ಕೈಯಲ್ಲಿವೆ. ಉಕ್ಕಿನ ಕಾರ್ಖಾನೆ, ಬ್ಯಾಂಕು, ಯುದ್ಧವಿಮಾನದ ಕಂಪನಿ, ಹೂಡಿಕೆ ಸಂಸ್ಥೆ, ಕಾರಿನ ಕಂಪನಿ ಹೀಗೆ ಹಲವು ಬಗೆಯ ಯಜಮಾನರನ್ನು ಸ್ಕ್ಯಾನಿಯಾ ಕಂಡಿದೆ. ಎದುರಾಳಿ ವೋಲ್ವೋ ಎರಡು ಸಲ ಅದನ್ನು ತನ್ನದಾಗಿಸಿಕೊಳ್ಳಲು ಹೊರಟು ಎರಡು ಸಲವೂ ಸೋತಿತು. ಈ ಚರಿತ್ರೆಯ ನಿರ್ಣಾಯಕ ಘಟ್ಟಗಳಲ್ಲಿ ಯಾರು ಎಷ್ಟು ಹಣ ಹೂಡಿದ್ದರು ಎನ್ನುವುದಕ್ಕಿಂತ ಯಾರ ಬಳಿ ಎಷ್ಟು ಮತಗಳಿದ್ದವು ಎನ್ನುವುದೇ ಹೆಚ್ಚಿನ ಕೆಲಸ ಮಾಡಿದೆ.

ಆರಂಭ

ಕಂಪನಿಯ ಮೂಲ ಎರಡು ಊರುಗಳಲ್ಲಿದೆ. ಸೂರಾಹಮ್ಮಾರ್‌ನ ಕಬ್ಬಿಣದ ಕಾರ್ಖಾನೆಯವರು ರೈಲ್ವೆ ಬೋಗಿಗಳನ್ನು ಕಟ್ಟಲೆಂದು 1891ರಲ್ಲಿ ಸೋಡರ್‌ಟೇಲ್ಯದಲ್ಲಿ ಒಂದು ಅಂಗಸಂಸ್ಥೆ ತೆರೆದರು. ಅದರ ಉದ್ದನೆಯ ಹೆಸರಿನ ಮೊದಲಕ್ಷರಗಳು ಸೇರಿ ವಾಬಿಸ್ ಆಯಿತು. ಅಲ್ಲಿನ ಎಂಜಿನಿಯರ್ ಗುಸ್ತಾಫ್ ಎರಿಕ್ಸನ್ 1897ರಲ್ಲಿ ಮೋಟಾರು ಕಾರೊಂದನ್ನು ಕಟ್ಟಿದ. 1902ರಲ್ಲಿ ವಾಬಿಸ್‌ನ ಮೊದಲ ಲಾರಿ ಬಂತು. ದಕ್ಷಿಣದ ಮಾಲ್ಮೊ ನಗರದಲ್ಲಿ ಇಂಗ್ಲೆಂಡಿನ ಹಂಬರ್ ಸೈಕಲ್ ಕಂಪನಿಯ ಸ್ವೀಡಿಷ್ ಶಾಖೆಯಿತ್ತು. 1900ರಲ್ಲಿ ಅದರಿಂದ ಸ್ಕ್ಯಾನಿಯಾ ಯಂತ್ರ ಕಾರ್ಖಾನೆ ಹುಟ್ಟಿತು. ಇವರು ಸೈಕಲ್ಲಿನಿಂದ ಶುರುಮಾಡಿ ಕಾರು, ಲಾರಿಗಳಿಗೆ ಬಂದವರು. ಮಾಲ್ಮೊ ಇರುವ ಸ್ಕೋನೆ ಪ್ರಾಂತ್ಯದ ಲಾಂಛನದಲ್ಲಿರುವ ಗ್ರಿಫಿನ್, ಅಂದರೆ ಹದ್ದಿನ ತಲೆ ಸಿಂಹದ ಮೈಯ ಕಾಲ್ಪನಿಕ ಪ್ರಾಣಿ, ಇಂದಿಗೂ ಸ್ಕ್ಯಾನಿಯಾ ಲಾರಿಗಳ ಗುರುತು.

1910ರ ಹೊತ್ತಿಗೆ ವಾಬಿಸ್ ನಷ್ಟದಲ್ಲಿತ್ತು. ಅದನ್ನು ಸಾಕಿ ಸಾಕಾಗಿದ್ದ ಸೂರಾಹಮ್ಮಾರ್‌ನವರಿಗೆ ಸ್ಕ್ಯಾನಿಯಾದ ಮುಖ್ಯಸ್ಥ ಪರ್ ಆಲ್‌ಫ್ರೆಡ್ ನೂರ್ಡೆಮಾನ್ ವಿಲೀನದ ಪ್ರಸ್ತಾಪ ಇಟ್ಟ. 1911ರಲ್ಲಿ ಸ್ಕ್ಯಾನಿಯಾ-ವಾಬಿಸ್ ಹುಟ್ಟಿತು. ಎಂಜಿನು ಮತ್ತು ಕಾರು ಸೋಡರ್‌ಟೇಲ್ಯದಲ್ಲಿ, ಲಾರಿ ಮಾಲ್ಮೊದಲ್ಲಿ ಎಂಬುದು ಆರಂಭದ ಹಂಚಿಕೆ. ಕೆಲವೇ ವರ್ಷಗಳಲ್ಲಿ ಕಂಪನಿಯ ತಲೆ ಸೋಡರ್‌ಟೇಲ್ಯಕ್ಕೆ ಹೋಯಿತು. ಮುಳುಗುತ್ತಿದ್ದದ್ದು ಸೋಡರ್‌ಟೇಲ್ಯದ ಕಂಪನಿ, ಉಳಿದುಕೊಂಡದ್ದೂ ಅದೇ ಊರು.

ಬ್ಯಾಂಕಿನ ಪಾಲಾದ ಕಂಪನಿ

ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಯ ಬೇಡಿಕೆಯಿಂದ ಕಂಪನಿ ಚೆನ್ನಾಗಿ ನಡೆಯಿತು. 1919ರಲ್ಲಿ ಲಾರಿಗಳಿಗೇ ಒತ್ತು ಕೊಡುವ ತೀರ್ಮಾನ ಆಯಿತು. ತೀರ್ಮಾನ ಸರಿಯಿತ್ತು, ಗಳಿಗೆ ಸರಿಯಿರಲಿಲ್ಲ. ಯುದ್ಧ ಮುಗಿದು ಸೇನೆಗಳು ಹೊರಹಾಕಿದ ಹಳೆಯ ಲಾರಿಗಳು ಯೂರೋಪಿನ ಪೇಟೆಯನ್ನು ತುಂಬಿದವು, ಮೇಲಿಂದ ಆರ್ಥಿಕ ಕುಸಿತವೂ ಬಂತು. 1921ರಲ್ಲಿ ಸ್ಕ್ಯಾನಿಯಾ-ವಾಬಿಸ್ ದಿವಾಳಿಯಾಯಿತು.

ಅದನ್ನು ಎತ್ತಿ ನಿಲ್ಲಿಸಿದ್ದು ವಾಲೆನ್‌ಬರ್ಗ್ ಕುಟುಂಬದ ಸ್ಟಾಕ್‌ಹೋಮ್ಸ್ ಎನ್‌ಶಿಲ್ಡಾ ಬ್ಯಾಂಕ್. ಹೊಸ ಬಂಡವಾಳ ಹಾಕಿ ಹಳೆಯ ಹೆಸರಿನಲ್ಲೇ ಹೊಸ ಕಂಪನಿ ಕಟ್ಟಲಾಯಿತು. ಇಲ್ಲಿಂದ ಮುಂದೆ ಎಂಬತ್ತೇಳು ವರ್ಷ ಸ್ಕ್ಯಾನಿಯಾದ ಮಾಲೀಕರೆಂದರೆ ಒಂದಲ್ಲ ಒಂದು ರೂಪದಲ್ಲಿ ವಾಲೆನ್‌ಬರ್ಗ್‌ಗಳೇ. ಎಲೆಕ್ಟ್ರಿಕಲ್ ಯಂತ್ರಗಳ ಆಸಿಯಾ, ಟೆಲಿಫೋನಿನ ಎರಿಕ್ಸನ್, ಬೇರಿಂಗಿನ ಎಸ್‌ಕೆಎಫ್ ಹೀಗೆ ಸ್ವೀಡನ್ನಿನ ದೊಡ್ಡ ಕೈಗಾರಿಕೆಗಳ ಮೇಲೆ ಹಿಡಿತವಿದ್ದ ಮನೆತನ ಅದು. ಅವರ ಪಾಲಿಗೆ ಸ್ಕ್ಯಾನಿಯಾ ಅನೇಕ ಆಸ್ತಿಗಳಲ್ಲಿ ಒಂದು. ಕುಟುಂಬದ ಪ್ರೀತಿಯ ಕೂಸೆಂಬಂತೆ ಆ ಸಂಬಂಧವನ್ನು ಬಣ್ಣಿಸುವುದುಂಟು. ಅದನ್ನು ಅಷ್ಟಾಗಿ ನಂಬಬೇಕಿಲ್ಲ: ಒಳ್ಳೆಯ ಬೆಲೆ ಎದುರಿಗೆ ಬಂದಾಗಲೆಲ್ಲ ಅವರು ಮಾರಲು ಸಿದ್ಧರಾಗಿದ್ದರೆಂದು ಮುಂದಿನ ಘಟನೆಗಳು ತೋರಿಸುತ್ತವೆ.

1948ರಲ್ಲಿ ಸ್ಕ್ಯಾನಿಯಾ-ವಾಬಿಸ್ ಸ್ವೀಡನ್ನಿಗೆ ಫೋಕ್ಸ್‌ವ್ಯಾಗನ್ ಕಾರುಗಳ ಏಜೆನ್ಸಿ ಹಿಡಿಯಿತು. ಎರಡನೇ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜರ್ಮನಿಯ ಕಾರು ಕಾರ್ಖಾನೆ ಆಗಷ್ಟೇ ರಫ್ತು ಶುರುಮಾಡಿತ್ತು. ಬೀಟಲ್ ಕಾರು ಸ್ವೀಡನ್ನಿನಲ್ಲಿ ಬಿಸಿಬಿಸಿಯಾಗಿ ಮಾರಾಟವಾಯಿತು. ಆ ಗಳಿಕೆಯೂ ಡೀಲರ್-ಸರ್ವೀಸ್ ಜಾಲವೂ ಲಾರಿ ವ್ಯಾಪಾರಕ್ಕೆ ಆಸರೆಯಾದವು. ಅರವತ್ತು ವರ್ಷದ ನಂತರ ಆ ಕಾರಿನ ಕಂಪನಿಯೇ ತನ್ನ ಹಳೆಯ ಏಜೆಂಟನ್ನು ಕೊಂಡುಕೊಂಡಿತು.

ಈ ನಡುವೆ ಕಂಪನಿ ಸ್ವೀಡನ್ನಿನ ಆಚೆಗೂ ಬೆಳೆಯಿತು. ಬ್ರೆಜಿಲ್‌ನಲ್ಲಿ 1957ರಲ್ಲಿ ಜೋಡಣೆ ಆರಂಭವಾಗಿ, 1962ರಲ್ಲಿ ಸಾವೊ ಪೌಲೊ ಪಕ್ಕದ ಸಾವೊ ಬರ್ನಾರ್ಡೊ ದೊ ಕಾಂಪೊದಲ್ಲಿ ಸ್ವಂತ ಕಾರ್ಖಾನೆ ನಿಂತಿತು. 1964ರಲ್ಲಿ ನೆದರ್ಲೆಂಡ್ಸಿನ ಜ್ವೋಲೆಯಲ್ಲಿ ಇನ್ನೊಂದು ಬಂತು. ಲಾರಿಯ ಕ್ಯಾಬಿನ್ ಮಾಡುತ್ತಿದ್ದ ಆಸ್ಕರ್ಸ್‌ಹಾಮ್ನ್‌ನ ಕಾರ್ಖಾನೆಯನ್ನೂ ಬಸ್ ಬಾಡಿ ಕಟ್ಟುತ್ತಿದ್ದ ಕಾಟ್ರಿನೆಹೋಲ್ಮ್‌ನ ಕಾರ್ಖಾನೆಯನ್ನೂ 1960ರ ದಶಕದ ಕೊನೆಯಲ್ಲಿ ಕೊಂಡಿತು.

ಸಾಬ್ ಜೊತೆಗಿನ ಕಾಲ

1969ರಲ್ಲಿ ಮಾರ್ಕುಸ್ ವಾಲೆನ್‌ಬರ್ಗ್ ತಮ್ಮ ಹಿಡಿತದ ಎರಡು ಕಂಪನಿಗಳನ್ನು ಒಂದಾಗಿಸಿದರು. ಯುದ್ಧವಿಮಾನ, ಕಾರು, ಕಂಪ್ಯೂಟರು ಮಾಡುತ್ತಿದ್ದ ಸಾಬ್, ಲಾರಿ ಮಾಡುತ್ತಿದ್ದ ಸ್ಕ್ಯಾನಿಯಾ-ವಾಬಿಸ್ ಸೇರಿ ಸಾಬ್-ಸ್ಕ್ಯಾನಿಯಾ ಆಯಿತು. ವಾಬಿಸ್ ಹೆಸರು ಅದಕ್ಕೂ ಕೊಂಚ ಮೊದಲೇ ಕಾಣೆಯಾಗಿತ್ತು. ಅದೇ ವರ್ಷ ಬಂದ 14 ಲೀಟರಿನ, 350 ಅಶ್ವಶಕ್ತಿಯ ವಿ8 ಎಂಜಿನ್ ಆ ಕಾಲಕ್ಕೆ ಯೂರೋಪಿನ ಲಾರಿಗಳಲ್ಲೇ ಬಲಶಾಲಿಯಾದದ್ದು. ಲಾರಿ ಚಾಲಕರ ನಡುವೆ ಸ್ಕ್ಯಾನಿಯಾಕ್ಕಿರುವ ಅಭಿಮಾನದ ಬಹುಭಾಗ ಈ ಎಂಜಿನಿನ ಗಳಿಕೆ.

ಈ ಮದುವೆಯಲ್ಲಿ ದುಡಿಯುತ್ತಿದ್ದದ್ದು ಲಾರಿ ವಿಭಾಗ, ಖರ್ಚು ಮಾಡುತ್ತಿದ್ದದ್ದು ಕಾರಿನ ವಿಭಾಗ. 1977ರ ಮೇ ತಿಂಗಳಲ್ಲಿ ವೋಲ್ವೋ ಮುಖ್ಯಸ್ಥ ಪೇರ್ ಯುಲ್ಲೆನ್‌ಹಮ್ಮಾರ್ ಮತ್ತು ವಾಲೆನ್‌ಬರ್ಗ್ ಇಬ್ಬರೂ ಸೇರಿ ವೋಲ್ವೋ ಮತ್ತು ಸಾಬ್-ಸ್ಕ್ಯಾನಿಯಾಗಳ ವಿಲೀನವನ್ನು ಪ್ರಕಟಿಸಿದರು. ನಾಲ್ಕು ತಿಂಗಳು ತುಂಬುವ ಮೊದಲೇ ಅದು ಮುರಿದುಬಿತ್ತು. ಸಾಬ್-ಸ್ಕ್ಯಾನಿಯಾ ಒಳಗಿನ, ಅದರಲ್ಲೂ ಲಾರಿ ವಿಭಾಗದ ಅಧಿಕಾರಿಗಳ ವಿರೋಧ ಗಟ್ಟಿಯಾಗಿತ್ತು. ವೋಲ್ವೋದೊಂದಿಗೆ ಸೇರಿದರೆ ಒಂದೇ ಬಗೆಯ ಎರಡು ಲಾರಿಗಳಲ್ಲಿ ಯಾವುದನ್ನು ಕೈಬಿಡುತ್ತಾರೆ ಎಂಬ ಪ್ರಶ್ನೆಗೆ ಅವರಿಗೆ ಸಮಾಧಾನವಾಗುವ ಉತ್ತರ ಇರಲಿಲ್ಲ.

1980ರಲ್ಲಿ ಬಂದ ಹೊಸ ಲಾರಿ ಸರಣಿಯಲ್ಲಿ ಸ್ಕ್ಯಾನಿಯಾ ತನ್ನ ಮಾಡ್ಯುಲರ್ ವಿಧಾನವನ್ನು ಪೂರ್ಣವಾಗಿ ಅಳವಡಿಸಿತು. ಕ್ಯಾಬಿನ್, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಚಾಸಿಗಳನ್ನು ಕೆಲವೇ ಮೂಲ ಮಾದರಿಗಳಲ್ಲಿ ರೂಪಿಸಿ, ಒಂದಕ್ಕೊಂದು ಕೂರುವ ಅಳತೆಗಳನ್ನು ಮಾತ್ರ ಬದಲಾಯಿಸದೆ ಉಳಿಸಿಕೊಂಡರೆ, ಗ್ರಾಹಕ ಕೇಳಿದ ಲಾರಿಯನ್ನು ಕಡಿಮೆ ಬಿಡಿಭಾಗಗಳಿಂದಲೇ ಕಟ್ಟಿಕೊಡಬಹುದು. ಮರದ ದಿಮ್ಮಿ ಹೊರುವವನಿಗೂ ಹಾಲಿನ ಟ್ಯಾಂಕರ್ ಓಡಿಸುವವನಿಗೂ ಬೇರೆಬೇರೆ ಲಾರಿ ಸಿಗುತ್ತದೆ, ಉಗ್ರಾಣದಲ್ಲಿ ಮಾತ್ರ ಅವೇ ಭಾಗಗಳು. ಒಡೆತನದ ಲೇಖನದಲ್ಲಿ ಎಂಜಿನಿಯರಿಂಗಿನ ಈ ಮಾತು ಬೇಕಾಗಿದೆ, ಏಕೆಂದರೆ ಮುಂದೆ ಎಲ್ಲರೂ ಕೊಳ್ಳಲು ಹಾತೊರೆದದ್ದು ಈ ವಿಧಾನ ತಂದುಕೊಡುತ್ತಿದ್ದ ಲಾಭವನ್ನು. 1934ರಿಂದ ಒಂದು ವರ್ಷವೂ ನಷ್ಟ ಕಂಡಿಲ್ಲ ಎಂಬುದು ಕಂಪನಿ ಬಹುಕಾಲ ಹೇಳಿಕೊಂಡು ಬಂದ ಹೆಗ್ಗಳಿಕೆ.

1990ರಲ್ಲಿ ಸಾಬ್‌ನ ಕಾರಿನ ವಿಭಾಗ ಬೇರೆಯಾಗಿ, ಅದರ ಅರ್ಧ ಪಾಲು ಅಮೆರಿಕದ ಜನರಲ್ ಮೋಟಾರ್ಸ್‌ಗೆ ಹೋಯಿತು. 1991ರಲ್ಲಿ ವಾಲೆನ್‌ಬರ್ಗ್‌ಗಳ ಹೂಡಿಕೆ ಸಂಸ್ಥೆ ಇನ್ವೆಸ್ಟರ್, ಸಾಬ್-ಸ್ಕ್ಯಾನಿಯಾವನ್ನು ಪೂರ್ತಿಯಾಗಿ ಕೊಂಡು ಷೇರುಪೇಟೆಯಿಂದ ಹೊರತಂದಿತು. 1995ರಲ್ಲಿ ವಿಮಾನ ಒಂದು ಕಡೆ, ಲಾರಿ ಒಂದು ಕಡೆ ಎಂದು ಒಡೆಯಲಾಯಿತು.

ಎ ಷೇರು, ಬಿ ಷೇರು

1996ರ ಏಪ್ರಿಲ್‌ನಲ್ಲಿ ಸ್ಕ್ಯಾನಿಯಾ ಸ್ಟಾಕ್‌ಹೋಮ್ ಮತ್ತು ನ್ಯೂಯಾರ್ಕ್ ಷೇರುಪೇಟೆಗಳಿಗೆ ಬಂತು. ಇನ್ವೆಸ್ಟರ್ ತನ್ನ ಷೇರುಗಳಲ್ಲಿ ಅರ್ಧದಷ್ಟನ್ನು ಮಾರಿತು. ಸ್ವೀಡನ್ನಿನ ಬಹಳಷ್ಟು ಕಂಪನಿಗಳಂತೆ ಇಲ್ಲಿಯೂ ಎರಡು ದರ್ಜೆಯ ಷೇರುಗಳಿದ್ದವು. ಎ ದರ್ಜೆಯ ಒಂದು ಷೇರಿಗೆ ಒಂದು ಮತ, ಬಿ ದರ್ಜೆಯ ಷೇರಿಗೆ ಮತದ ಹತ್ತನೇ ಒಂದು ಭಾಗ. ಲಾಭಾಂಶದಲ್ಲಿ ಎರಡಕ್ಕೂ ಭೇದವಿಲ್ಲ. ಹಳೆಯ ಮನೆತನಗಳು ಕಡಿಮೆ ಹಣ ಹೂಡಿ ಹೆಚ್ಚಿನ ಅಧಿಕಾರ ಉಳಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು ಇದು. ಹೊರಗಿನವರು ಕಂಪನಿಯನ್ನು ಕಬಳಿಸದಂತೆ ಇದು ಕಾಯುತ್ತದೆ ಎಂದು ಅದರ ಪರ ಇರುವವರು ಹೇಳುತ್ತಾರೆ. ಸ್ಕ್ಯಾನಿಯಾದಲ್ಲಿ ಆದದ್ದು ಬೇರೆ. ಎ ಷೇರುಗಳ ಕಟ್ಟು ಯಾರಿಗೆ ಸಿಕ್ಕಿತೋ ಅವರಿಗೆ ಕಂಪನಿ ಅಗ್ಗಕ್ಕೆ ಸಿಕ್ಕಿತು.

ವೋಲ್ವೋದ ಎರಡನೇ ಪ್ರಯತ್ನ

1999ರ ಜನವರಿಯಲ್ಲಿ ವೋಲ್ವೋ ತನ್ನ ಕಾರಿನ ವ್ಯಾಪಾರವನ್ನು ಫೋರ್ಡ್‌ಗೆ 645 ಕೋಟಿ ಡಾಲರಿಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಅದೇ ತಿಂಗಳು ಸದ್ದಿಲ್ಲದೆ ಸ್ಕ್ಯಾನಿಯಾದ ಸುಮಾರು ಶೇ 13ರಷ್ಟು ಷೇರುಗಳನ್ನು ಕೊಂಡಿರುವುದೂ ಬಯಲಾಯಿತು. ಕಾರು ಬಿಟ್ಟು ಲಾರಿಯ ಮೇಲೆ ಪೂರ್ತಿ ಪಣ ಕಟ್ಟುವುದು ಮುಖ್ಯಸ್ಥ ಲೇಫ್ ಯೋಹಾನ್ಸನ್‌ನ ಯೋಜನೆ. ಆಗಸ್ಟ್‌ನಲ್ಲಿ ಇನ್ವೆಸ್ಟರ್ ತನ್ನ ಪಾಲನ್ನು ಷೇರಿಗೆ 315 ಸ್ವೀಡಿಷ್ ಕ್ರೋನಾದಂತೆ ಮಾರಲು ಒಪ್ಪಿತು. ಕಂಪನಿಯ ಒಟ್ಟು ಬೆಲೆ ಸುಮಾರು 6,070 ಕೋಟಿ ಕ್ರೋನಾ. ಡೈಮ್ಲರ್‌ಕ್ರೈಸ್ಲರ್ ನಂತರ ಜಗತ್ತಿನ ಎರಡನೇ ದೊಡ್ಡ ಭಾರಿ ಲಾರಿ ಕಂಪನಿ ಸ್ವೀಡನ್ನಿನಲ್ಲಿ ಹುಟ್ಟುವುದರಲ್ಲಿತ್ತು. ಸ್ಕ್ಯಾನಿಯಾದ ಮುಖ್ಯಸ್ಥ ಲೇಫ್ ಓಸ್ಟ್ಲಿಂಗ್‌ಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. ಇಷ್ಟಾನಿಷ್ಟದ ಮಾತಿಗೆ ಮಾಲೀಕರ ಮನೆಯಲ್ಲಿ ಜಾಗವಿರಲಿಲ್ಲ.

ತಡೆದದ್ದು ಬ್ರಸೆಲ್ಸ್. 2000ದ ಮಾರ್ಚ್‌ನಲ್ಲಿ ಮಾರಿಯೊ ಮೊಂಟಿ ಸ್ಪರ್ಧಾ ಆಯುಕ್ತರಾಗಿದ್ದ ಯೂರೋಪಿಯನ್ ಆಯೋಗ ಈ ಖರೀದಿಯನ್ನು ನಿಷೇಧಿಸಿತು. ಎರಡೂ ಸೇರಿದರೆ ಸ್ವೀಡನ್ನಿನ ಭಾರಿ ಲಾರಿ ಪೇಟೆಯ ಸುಮಾರು ಶೇ 90 ಭಾಗ ಒಂದೇ ಕೈಗೆ ಹೋಗುತ್ತಿತ್ತು. ನಾರ್ವೆ, ಫಿನ್ಲೆಂಡ್, ಐರ್ಲೆಂಡ್‌ಗಳಲ್ಲೂ ಪರಿಸ್ಥಿತಿ ಇಂಥದ್ದೇ. ವಾದ ನಿಂತದ್ದು ಪೇಟೆಯ ಎಲ್ಲೆ ಯಾವುದು ಎಂಬ ಪ್ರಶ್ನೆಯ ಮೇಲೆ. ಲಾರಿಯ ಪೇಟೆ ಇಡೀ ಯೂರೋಪು, ಅಲ್ಲಿ ನಮಗೆ ಬೇಕಾದಷ್ಟು ಎದುರಾಳಿಗಳಿದ್ದಾರೆ ಎಂಬುದು ವೋಲ್ವೋ ನಿಲುವು. ಆಯೋಗ ಒಪ್ಪಲಿಲ್ಲ. ಲಾರಿ ಕೊಳ್ಳುವವನು ತನ್ನ ದೇಶದ ಡೀಲರನ್ನು, ಹತ್ತಿರದ ವರ್ಕ್‌ಶಾಪನ್ನು ನೋಡಿ ಕೊಳ್ಳುತ್ತಾನೆ, ಬೆಲೆಗಳೂ ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಪೇಟೆ ದೇಶದ ಗಡಿಯಲ್ಲೇ ನಿಲ್ಲುತ್ತದೆ ಎಂದಿತು. ಸ್ವೀಡನ್ನಿಗೆ ಮಾತ್ರ ಅನ್ವಯಿಸುತ್ತಿದ್ದ ಕ್ಯಾಬಿನ್ ಅಪಘಾತ ಪರೀಕ್ಷೆ ಹೊರಗಿನ ಕಂಪನಿಗಳಿಗೆ ಅಡ್ಡಿಯಾಗಿರುವುದನ್ನೂ ಎತ್ತಿ ತೋರಿಸಿತು. ಲಾರಿಯವರ ನಿತ್ಯದ ಅನುಭವದ ಕಡೆಯಿಂದ ನೋಡಿದರೆ ಆಯೋಗದ ವಾದವೇ ಹೆಚ್ಚು ನೆಲಕ್ಕೆ ಹತ್ತಿರ. ರಸ್ತೆ ಮಧ್ಯೆ ಕೆಟ್ಟು ನಿಂತ ಲಾರಿಗೆ ಬೇರೆ ದೇಶದಲ್ಲಿರುವ ಅಗ್ಗದ ಡೀಲರ್ ಉಪಯೋಗಕ್ಕೆ ಬರುವುದಿಲ್ಲ.

ಅಚ್ಚರಿಯ ಸಂಗತಿ ಏನೆಂದರೆ, ಸ್ವೀಡನ್ನಿನ ಕಂಪನಿ ಸ್ವೀಡನ್ನಿನಲ್ಲೇ ಉಳಿಯುವ ದಾರಿ ಇದರಿಂದ ಮುಚ್ಚಿತು. ತೀರ್ಪು ಬಂದ ಎರಡು ವಾರದೊಳಗೆ ಇನ್ವೆಸ್ಟರ್ ತನ್ನ ಎ ಷೇರುಗಳ ಒಂದು ಭಾಗವನ್ನು ಫೋಕ್ಸ್‌ವ್ಯಾಗನ್‌ಗೆ ಸುಮಾರು 160 ಕೋಟಿ ಯೂರೋಗೆ ಮಾರಿತು. ಬಂಡವಾಳದಲ್ಲಿ ಅದು ಶೇ 18.7, ಮತಗಳಲ್ಲಿ ಶೇ 34. ಇತ್ತ, ಈ ನಡುವೆ ಇನ್ನಷ್ಟು ಷೇರು ಕೊಂಡಿದ್ದ ವೋಲ್ವೋ ಬಳಿ ಬಂಡವಾಳದ ಶೇ 40ಕ್ಕೂ ಹೆಚ್ಚು ಪಾಲಿತ್ತು, ಮತಗಳು ಮಾತ್ರ ಶೇ 31ರ ಆಸುಪಾಸು. ದುಪ್ಪಟ್ಟು ಷೇರು ಹಿಡಿದವನ ಮಾತಿಗೆ ಬೆಲೆ ಕಡಿಮೆ.

ವೋಲ್ವೋ ತಿರುಗಿ ಫ್ರಾನ್ಸಿನ ರೆನೊ ಲಾರಿ ವಿಭಾಗವನ್ನೂ ಅದರ ಜೊತೆಗಿದ್ದ ಅಮೆರಿಕದ ಮ್ಯಾಕ್ ಕಂಪನಿಯನ್ನೂ ಕೊಂಡಿತು. ಆ ಖರೀದಿ 2001ರ ಆರಂಭದಲ್ಲಿ ಮುಗಿಯಿತು. ಅದಕ್ಕೆ ಒಪ್ಪಿಗೆ ಕೊಡುವಾಗ ಆಯೋಗ ವಿಧಿಸಿದ ಷರತ್ತು: 2004ರ ಏಪ್ರಿಲ್‌ನೊಳಗೆ ಸ್ಕ್ಯಾನಿಯಾ ಷೇರುಗಳನ್ನು ಬಿಟ್ಟುಬಿಡಬೇಕು. ವೋಲ್ವೋ ಕೊನೆಯವರೆಗೂ ಕಾದು, ಬಿ ಷೇರುಗಳನ್ನು ಡಾಯ್ಚ ಬ್ಯಾಂಕಿಗೆ ಮಾರಿತು. ಎ ಷೇರುಗಳನ್ನು ಐನಾಕ್ಸ್ ಎಂಬ ಹೊಸ ಕಂಪನಿಯಲ್ಲಿ ಇಟ್ಟು, ಆ ಕಂಪನಿಯನ್ನೇ ತನ್ನ ಷೇರುದಾರರಿಗೆ ಹಂಚಿತು. ಕಾರ್ಖಾನೆ ಇಲ್ಲ, ವ್ಯಾಪಾರ ಇಲ್ಲ, ಸ್ಕ್ಯಾನಿಯಾದ ಷೇರು ಇಟ್ಟುಕೊಳ್ಳುವುದೊಂದೇ ಐನಾಕ್ಸ್‌ನ ಕೆಲಸ. ಕೊನೆಗೆ ಸ್ಕ್ಯಾನಿಯಾವೇ ಅದನ್ನು ಕೊಂಡು ಮುಚ್ಚಿತು.

ಮ್ಯಾನ್ ಬಂದದ್ದು, ಹೋದದ್ದು

2006ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನ ಲಾರಿ ಕಂಪನಿ ಮ್ಯಾನ್ ಸ್ಕ್ಯಾನಿಯಾವನ್ನು 960 ಕೋಟಿ ಯೂರೋಗೆ ಕೊಳ್ಳುವುದಾಗಿ ಮುಂದೆ ಬಂತು. ಆಮೇಲೆ ಅದನ್ನು 1,030 ಕೋಟಿಗೆ ಏರಿಸಿತು. ಮ್ಯಾನ್‌ನ ಮುಖ್ಯಸ್ಥ ಹೋಕನ್ ಸಾಮುಯೆಲ್ಸನ್ ಸ್ವತಃ ಸ್ವೀಡನ್ನಿನವ, ಅದರಲ್ಲೂ ಸ್ಕ್ಯಾನಿಯಾದಲ್ಲೇ ಬೆಳೆದು ಬಂದ ಅಧಿಕಾರಿ. ಹಳೆಯ ಸಹೋದ್ಯೋಗಿ ಓಸ್ಟ್ಲಿಂಗ್ ಸಿಡಿದೆದ್ದು, ಈ ಕೊಳ್ಳುವಿಕೆಯನ್ನು ಎರಡನೇ ಮಹಾಯುದ್ಧದ ಜರ್ಮನ್ ದಾಳಿಗೆ ಹೋಲಿಸಿ ಟೀಕೆಗೆ ಗುರಿಯಾದ.

ಲೆಕ್ಕ ಸರಳವಾಗಿತ್ತು. ಫೋಕ್ಸ್‌ವ್ಯಾಗನ್ ಮತ್ತು ವಾಲೆನ್‌ಬರ್ಗ್ ಬಳಗ ಇಬ್ಬರ ಮತಗಳೂ ಸೇರಿದರೆ ಶೇ 60 ದಾಟುತ್ತಿತ್ತು. ಇಬ್ಬರೂ ಬೇಡವೆಂದರು. ಅಷ್ಟಕ್ಕೆ ನಿಲ್ಲದೆ ಫೋಕ್ಸ್‌ವ್ಯಾಗನ್ ಮ್ಯಾನ್‌ನ ಷೇರುಗಳನ್ನೇ ಕೊಳ್ಳತೊಡಗಿತು. ಅಕ್ಟೋಬರ್‌ನಲ್ಲಿ ಶೇ 15 ಇದ್ದದ್ದು ಮರುವರ್ಷ ಶೇ 29.9ಕ್ಕೆ ಮುಟ್ಟಿತು. ಬೇಟೆಗೆ ಬಂದ ಕಂಪನಿ ತಾನೇ ಬೋನಿಗೆ ಬಿತ್ತು. 2007ರ ಜನವರಿಯಲ್ಲಿ ಮ್ಯಾನ್ ತನ್ನ ಪ್ರಸ್ತಾಪ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಅದು ಕೊಂಡಿದ್ದ ಸ್ಕ್ಯಾನಿಯಾ ಷೇರುಗಳು ಅದರ ಬಳಿಯೇ ಉಳಿದವು. ಫೋಕ್ಸ್‌ವ್ಯಾಗನ್ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷ ಫರ್ಡಿನಾಂಡ್ ಪಿಯೆಖ್ ಅದೇ ವರ್ಷ ಮ್ಯಾನ್‌ನ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷನೂ ಆದ. ಮೋಟಾರ್ ಸೈಕಲ್ಲಿನಿಂದ ಭಾರಿ ಲಾರಿಯವರೆಗೆ ಎಲ್ಲವೂ ಒಂದೇ ಸೂರಿನಡಿ ಇರಬೇಕೆಂಬ ಆತನ ಆಸೆಗೆ ಇನ್ನು ಅಡ್ಡಿ ಕಡಿಮೆಯಿತ್ತು.

2008ರ ಮಾರ್ಚ್‌ನಲ್ಲಿ ಇನ್ವೆಸ್ಟರ್ ಮತ್ತು ವಾಲೆನ್‌ಬರ್ಗ್ ಪ್ರತಿಷ್ಠಾನಗಳು ತಮ್ಮಲ್ಲಿ ಉಳಿದಿದ್ದ ಷೇರುಗಳನ್ನು, ಷೇರಿಗೆ 200 ಕ್ರೋನಾದಂತೆ, ಸುಮಾರು 290 ಕೋಟಿ ಯೂರೋಗೆ ಫೋಕ್ಸ್‌ವ್ಯಾಗನ್‌ಗೆ ಮಾರಿದವು. ಇದರೊಂದಿಗೆ ಫೋಕ್ಸ್‌ವ್ಯಾಗನ್ ಬಳಿ ಬಂಡವಾಳದ ಶೇ 37.73 ಪಾಲು, ಮತಗಳ ಶೇ 68.60 ಪಾಲು ಆಯಿತು. ಜುಲೈಯಲ್ಲಿ ಸ್ಕ್ಯಾನಿಯಾ ಅದರ ಅಂಗಸಂಸ್ಥೆ. 1921ರಲ್ಲಿ ಬ್ಯಾಂಕು ಹಾಕಿದ ಬಂಡವಾಳದ ಲೆಕ್ಕ ಹೀಗೆ ಮುಕ್ತಾಯವಾಯಿತು.

ಇದಾದ ಮೇಲೆ ಒಂದು ವಿಚಿತ್ರ ಪ್ರಸಂಗ. 2009ರ ಜನವರಿಯಲ್ಲಿ ಪೋರ್ಷೆ ಕಂಪನಿ ಫೋಕ್ಸ್‌ವ್ಯಾಗನ್ನಿನ ಅರ್ಧಕ್ಕಿಂತ ಹೆಚ್ಚು ಮತಗಳನ್ನು ಕೈಗೆ ತಂದುಕೊಂಡಿತು. ಸ್ವೀಡನ್ನಿನ ಕಾನೂನಿನ ಪ್ರಕಾರ ಆಗ ಅದು ಸ್ಕ್ಯಾನಿಯಾದ ಉಳಿದ ಷೇರುದಾರರಿಗೂ ಕೊಳ್ಳುವ ಪ್ರಸ್ತಾಪ ಇಡಲೇಬೇಕಾಯಿತು. ಸ್ಪೋರ್ಟ್ಸ್ ಕಾರಿನವರಿಗೆ ಲಾರಿ ಬೇಕಿರಲಿಲ್ಲ. ಬಂದ ಅಲ್ಪಸ್ವಲ್ಪ ಷೇರುಗಳನ್ನು ಅವರು ಫೋಕ್ಸ್‌ವ್ಯಾಗನ್‌ಗೇ ದಾಟಿಸಿದರು.

ಪೂರ್ತಿ ಕೈವಶ

ಫೋಕ್ಸ್‌ವ್ಯಾಗನ್ 2011ರಲ್ಲಿ ಮ್ಯಾನ್‌ನ ಬಹುಮತವನ್ನೂ ಪಡೆಯಿತು. ಎರಡು ಲಾರಿ ಕಂಪನಿಗಳನ್ನು ಒಟ್ಟಿಗೆ ದುಡಿಸಬೇಕಾದರೆ ಚಿಕ್ಕ ಷೇರುದಾರರ ತಕರಾರು ಅಡ್ಡ ಬರುತ್ತದೆ. ಒಂದು ಕಂಪನಿಯ ತಂತ್ರಜ್ಞಾನವನ್ನು ಇನ್ನೊಂದಕ್ಕೆ ಕೊಟ್ಟರೆ ಅದಕ್ಕೆ ಸರಿಯಾದ ಬೆಲೆ ಸಿಕ್ಕಿತೇ ಎಂದು ಕೇಳುವ ಹಕ್ಕು ಅವರಿಗಿದೆ. 2014ರ ಫೆಬ್ರವರಿಯಲ್ಲಿ ಫೋಕ್ಸ್‌ವ್ಯಾಗನ್ ಉಳಿದೆಲ್ಲ ಷೇರುಗಳಿಗೆ 200 ಕ್ರೋನಾ ಬೆಲೆ ಕಟ್ಟಿತು, ಒಟ್ಟು ಸುಮಾರು 670 ಕೋಟಿ ಯೂರೋ. ಸ್ಕ್ಯಾನಿಯಾ ಆಡಳಿತ ಮಂಡಳಿಯ ಸ್ವತಂತ್ರ ಸದಸ್ಯರ ಸಮಿತಿ, ಬೆಲೆ ಕಡಿಮೆಯಾಯಿತು, ಮಾರಬೇಡಿ ಎಂದು ಬಹಿರಂಗವಾಗಿ ಸಲಹೆ ಕೊಟ್ಟಿತು. ಸ್ವೀಡನ್ನಿನ ಕೆಲವು ದೊಡ್ಡ ನಿಧಿಗಳೂ ಪಟ್ಟುಹಿಡಿದವು. ಶೇ 90ರ ಗಡಿ ಮುಟ್ಟಿದರೆ ಮಾತ್ರ ಉಳಿದವರಿಂದ ಕಡ್ಡಾಯವಾಗಿ ಕೊಳ್ಳಬಹುದಿತ್ತು. ಕೊನೆಯ ಗಳಿಗೆಯಲ್ಲಿ ಸ್ವೆಡ್‌ಬ್ಯಾಂಕ್ ರೋಬುರ್ ನಿಧಿ ಒಪ್ಪಿದ್ದರಿಂದ ಅಂಕಿ 90.47ಕ್ಕೆ ಬಂದು ನಿಂತಿತು. 2014ರ ಜೂನ್‌ನಲ್ಲಿ ಸ್ಕ್ಯಾನಿಯಾ ಷೇರುಪೇಟೆಯಿಂದ ಹೊರಬಂತು.

ಮುಂದೆ ಡೈಮ್ಲರ್‌ನಿಂದ ಬಂದ ಆಂದ್ರೆಯಾಸ್ ರೆನ್ಶ್‌ಲರ್ ಮುಂದಾಳತ್ವದಲ್ಲಿ ಲಾರಿ ವ್ಯಾಪಾರಗಳೆಲ್ಲ ಒಂದು ಸಮೂಹವಾದವು. 2018ರಲ್ಲಿ ಅದಕ್ಕೆ ಟ್ರಾಟನ್ ಎಂದು ಹೆಸರಿಟ್ಟು, 2019ರ ಜೂನ್ 28ರಂದು ಷೇರಿಗೆ 27 ಯೂರೋದಂತೆ ಫ್ರಾಂಕ್‌ಫರ್ಟ್ ಮತ್ತು ಸ್ಟಾಕ್‌ಹೋಮ್ ಪೇಟೆಗಳಿಗೆ ತರಲಾಯಿತು. ಮಾರಿದ್ದು ಹತ್ತನೇ ಒಂದು ಭಾಗದಷ್ಟನ್ನು ಮಾತ್ರ. 2021ರ ಜುಲೈಯಲ್ಲಿ ಅಮೆರಿಕದ ನ್ಯಾವಿಸ್ಟಾರ್ ಕೂಡ ಟ್ರಾಟನ್ ಸೇರಿತು. ಈ ಮಧ್ಯೆ ಸ್ಕ್ಯಾನಿಯಾ ಮುಖ್ಯಸ್ಥನಾಗಿದ್ದ ಮಾರ್ಟಿನ್ ಲುಂಡ್‌ಸ್ಟೆಟ್ 2015ರಲ್ಲಿ ವೋಲ್ವೋ ಸಮೂಹದ ಮುಖ್ಯಸ್ಥನಾಗಿ ಹೋದ. ಕಂಪನಿ ಸಿಗದಿದ್ದರೂ ವೋಲ್ವೋಗೆ ಅದರ ಯಜಮಾನ ಸಿಕ್ಕ.

ಒಂದೇ ಒಡೆಯನ ಎರಡು ಕಂಪನಿಗಳು ಎರಡು ದಾರಿ ಹಿಡಿದ ಪ್ರಸಂಗವೂ ಇದೆ. 1997ರಿಂದ 2011ರವರೆಗೆ ಯೂರೋಪಿನ ಲಾರಿ ಕಂಪನಿಗಳು ಬೆಲೆಗಳ ಬಗ್ಗೆ ಒಳಒಪ್ಪಂದ ಮಾಡಿಕೊಂಡಿದ್ದವೆಂದು ಯೂರೋಪಿಯನ್ ಆಯೋಗ ಕಂಡುಕೊಂಡಿತು. ಕೂಟದ ಗುಟ್ಟನ್ನು ಮೊದಲು ಬಿಟ್ಟುಕೊಟ್ಟದ್ದು ಮ್ಯಾನ್, ಹಾಗಾಗಿ ಅದಕ್ಕೆ ದಂಡ ಬೀಳಲಿಲ್ಲ. ಉಳಿದವರು 2016ರಲ್ಲಿ ರಾಜಿಯಾದರು. ಸ್ಕ್ಯಾನಿಯಾ ತಪ್ಪೊಪ್ಪಿಕೊಳ್ಳದೆ ಹೋರಾಡಿ, 2017ರಲ್ಲಿ 88 ಕೋಟಿ ಯೂರೋ ದಂಡ ಹಾಕಿಸಿಕೊಂಡಿತು. ಮೇಲ್ಮನವಿಗಳಲ್ಲೂ ಸೋತಿತು, ಕೊನೆಯದು 2024ರಲ್ಲಿ.

ಕೋಲಾರದ ರಸ್ತೆಯಲ್ಲಿ

ಸ್ವೀಡನ್ನಿನ ಈ ಪೈಪೋಟಿ ಕರ್ನಾಟಕಕ್ಕೂ ಬಂದಿದೆ. ವೋಲ್ವೋ 1998ರಿಂದ ಹೊಸಕೋಟೆ ಬಳಿ ಲಾರಿ ಜೋಡಿಸುತ್ತಿತ್ತು. ಸ್ಕ್ಯಾನಿಯಾ ಅದೇ ಬೆಂಗಳೂರು-ಕೋಲಾರ ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಹಾಕಿತು. ಗಣಿಗಳಿಗೆ ಟಿಪ್ಪರು, ದೂರದ ಊರುಗಳಿಗೆ ಐಷಾರಾಮಿ ಬಸ್ಸು ಅದರ ಗುರಿ. ಕೆಎಸ್ಆರ್‌ಟಿಸಿಯೂ ಸ್ಕ್ಯಾನಿಯಾ ಬಸ್ಸುಗಳನ್ನು ಓಡಿಸಿತು. 2015ರಲ್ಲಿ ಆರಂಭವಾದ ಬಸ್ ಘಟಕ 2018ರಲ್ಲೇ ಮುಚ್ಚಿತು. ಭಾರತದ ಬಸ್ ವ್ಯವಹಾರಗಳಲ್ಲಿ ಅಕ್ರಮ ನಡೆದಿದೆ ಎಂದು 2021ರಲ್ಲಿ ಸ್ವೀಡನ್ ಮತ್ತು ಜರ್ಮನಿಯ ಟಿವಿ ವಾಹಿನಿಗಳು ವರದಿ ಮಾಡಿದವು. ತನ್ನ ಕೆಲವು ಸಿಬ್ಬಂದಿಯ ದುರ್ನಡತೆ ಆಂತರಿಕ ತನಿಖೆಯಲ್ಲಿ ಕಂಡುಬಂದಿತ್ತೆಂದು ಕಂಪನಿಯೂ ಒಪ್ಪಿತು.

ಇಂದಿನ ಸ್ಥಿತಿ

2021ರ ಅಕ್ಟೋಬರ್‌ನಿಂದ ಕ್ರಿಸ್ಟಿಯಾನ್ ಲೆವಿನ್ ಸ್ಕ್ಯಾನಿಯಾ ಮತ್ತು ಟ್ರಾಟನ್ ಎರಡರ ಮುಖ್ಯಸ್ಥ. ಅದೇ ವರ್ಷದ ಕೊನೆಗೆ ಸ್ಕ್ಯಾನಿಯಾ ಹೊರತಂದ 13 ಲೀಟರಿನ ಹೊಸ ಡೀಸೆಲ್ ಎಂಜಿನ್ ಸಮೂಹದ ಎಲ್ಲ ಕಂಪನಿಗಳಿಗೂ ಸಾಮಾನ್ಯ ಎಂಜಿನ್. ನ್ಯಾವಿಸ್ಟಾರ್‌ನ ಇಂಟರ್‌ನ್ಯಾಷನಲ್ ಲಾರಿಗಳಿಗೆ ಅದು ಎಸ್13 ಎಂಬ ಹೆಸರಿನಲ್ಲಿ ಹೋಯಿತು. ಎರಡು ದಶಕದ ಹಿಂದೆ ಸ್ಕ್ಯಾನಿಯಾವನ್ನು ಕೊಳ್ಳಲು ಬಂದಿದ್ದ ಮ್ಯಾನ್ ಈಗ ತನ್ನ ಲಾರಿಗಳಲ್ಲಿ ಅದೇ ಎಂಜಿನನ್ನು ಡಿ30 ಎಂದು ಹೆಸರಿಟ್ಟು ಕೂರಿಸುತ್ತಿದೆ. ಸಮೂಹದ ಮುಂದಿನ ಲಾರಿಗಳಿಗೆಲ್ಲ ಒಂದೇ ಮಾಡ್ಯುಲರ್ ವ್ಯವಸ್ಥೆ ಎಂಬುದು ಟ್ರಾಟನ್‌ನ ಘೋಷಿತ ಯೋಜನೆ. ಅದಕ್ಕೆ ಬುನಾದಿಯಾಗಿ ಆರಿಸಿಕೊಂಡದ್ದು ಸೋಡರ್‌ಟೇಲ್ಯದವರ ವಿಧಾನವನ್ನು.